ಸ್ಟೆಲ್ಲಾ ಆಂಟಿಯ ಜರೀಗಿಡ ಮತ್ತು ರಂಗೋಲಿ ಹುಳು

ಯಾವುದನ್ನಾದರೂ ಪೂರ್ತಿ ತಿಳಿದುಕೊಳ್ಳಬೇಕೆಂಬ ಹಂಬಲ ನನ್ನಂಥ ಅರೆಬರೆ ತಿಳಿದವರಿಗೆ ಬರಬಾರದು. ಬಂದರೂ ಅದು ಕ್ರಿಕೆಟ್ ಸ್ಕೋರು, ನೆರೆಮನೆಯವರ ಸಂಬಳ ಇಂಥ ನಿರುಪದ್ರವಿ ವಿಷಯಗಳಿಗೆ ಸೀಮಿತವಾಗಿರಬೇಕು. ನನಗೆ ಬಂದದ್ದು ಒಂದು ಹುಳುವಿನ ಮೇಲೆ. ತೊಂಬತ್ತರ ದಶಕದ ಮಾತು. ಆಗ ನಾನೂ ಹೆಂಡತಿ ಸರೋಜಳೂ ಹಲಸೂರಿನಲ್ಲಿ ಸ್ಟೆಲ್ಲಾ ಆಂಟಿಯ ಮನೆಯ ಹಿಂಭಾಗದಲ್ಲಿ ಬಾಡಿಗೆಗಿದ್ದೆವು. ಆಂಟಿಯ ವರಾಂಡದಲ್ಲಿ ಸಾಲಾಗಿ ಜರೀಗಿಡದ, ಅಂದರೆ ಫರ್ನಿನ, ಕುಂಡಗಳು ತೂಗುತ್ತಿದ್ದವು. ಎಲ್ಲವೂ ಅವರ ತಾಯಿ ಬೆಳೆಸಿದ ಒಂದೇ ಗಿಡದ ಮಕ್ಕಳು, ಮೊಮ್ಮಕ್ಕಳು. ಅವರ ಮನೆಯಲ್ಲಿ ಯಾರ ಮದುವೆಯಾದರೂ ಮದುಮಗನ ಕೋಟಿಗೆ ಸಿಕ್ಕಿಸುವ ಗುಲಾಬಿಯ ಹಿಂದೆ ಈ ಗಿಡದ್ದೇ ಒಂದು ಎಲೆ ಇರಬೇಕು. ಬರುವ ಜನವರಿಗೆ ಅವರ ಮಗ ವಿಕ್ಟರನ ಮದುವೆ ನಿಶ್ಚಯವಾಗಿತ್ತು.

ಒಂದು ಬೆಳಿಗ್ಗೆ ಎಲೆಯೊಂದರ ಮೇಲೆ ಬಿಳಿ ಗೆರೆ ಅಂಕುಡೊಂಕಾಗಿ ಓಡಿರುವುದು ಕಂಡಿತು. ನಾನು ವಿಮಾ ಕಚೇರಿಯ ಗುಮಾಸ್ತ. ಆದರೆ ಪಿಯುಸಿಯಲ್ಲಿ ಜೀವಶಾಸ್ತ್ರ ಓದಿದವನು, ಜೇಬಿನಲ್ಲಿ ಭೂತಗನ್ನಡಿ ಇಟ್ಟುಕೊಂಡು ಓಡಾಡುವ ಚಟ ಬೇರೆ. "ರಂಗೋಲಿ ಹುಳು ಆಂಟಿ," ಎಂದೆ ಗಂಭೀರವಾಗಿ. ಎಲೆಯ ಎರಡು ಪದರಗಳ ನಡುವೆ ಸೇರಿಕೊಂಡು, ಒಳಗಿನ ಹಸಿರನ್ನು ತಿನ್ನುತ್ತ ಸುರಂಗ ಕೊರೆಯುವ ಮರಿಹುಳು ಅದು. ಟೊಮೆಟೊ ಎಲೆಯಲ್ಲಿ ಎಲ್ಲರೂ ನೋಡಿರುತ್ತಾರೆ. ಜರೀಗಿಡಕ್ಕೆ ಬಂದದ್ದು ಯಾವ ಜಾತಿ? ನೊಣದ ಮರಿಯೋ, ಪತಂಗದ ಮರಿಯೋ? ಖಚಿತವಾಗಿ ಹೇಳಬೇಕಾದರೆ ಎಲೆಯನ್ನು ಬಾಟಲಿಯಲ್ಲಿಟ್ಟು, ಒಳಗಿರುವುದು ರೆಕ್ಕೆ ಬಂದು ಹೊರಬರುವ ತನಕ ಕಾಯಬೇಕು. ಎರಡೇ ಎರಡು ಎಲೆ ಬೇಕೆಂದು ಕೇಳಿದೆ.

"ತಗೋ ತಂಬಿ, ಎಜುಕೇಟೆಡ್ ಆಳು ನೀನು. ಯಾವ ಹುಳಾಂತ ಕಂಡ್ಹಿಡಿ. ಮದ್ವೆ ಒಳಗೆ ಔಷಧಿ ಹೊಡೀಬೇಕು," ಎಂದರು ಆಂಟಿ.

ಒಂದು ಎಲೆಗೆ ಬೂಷ್ಟು ಹಿಡಿಯಿತು, ಇನ್ನೊಂದು ಒಣಗಿ ಪುಡಿಯಾಯಿತು. ಮತ್ತೆ ಕೇಳಲು ನಾಚಿಕೆ. ಹಾಗಾಗಿ ಭಾನುವಾರ ಆಂಟಿ ಚರ್ಚಿಗೆ ಹೋದಾಗ ನಾನೇ ಕಿತ್ತುಕೊಳ್ಳತೊಡಗಿದೆ. ಮೊದಲು ಗೆರೆಯಿದ್ದವು, ಆಮೇಲೆ ಗೆರೆ ಬರಬಹುದು ಅನ್ನಿಸಿದವು. ಒಂದು ಬಾಟಲಿಯಿಂದ ಹೊರಬಂದದ್ದು ನನ್ನ ಹುಳುವಲ್ಲ, ಅದರೊಳಗೇ ಬೆಳೆದು ಅದನ್ನೇ ತಿಂದ ಪುಟ್ಟ ಕಣಜ. ಬಾಡಿಗೆದಾರನನ್ನೇ ನುಂಗಿದ ಒಳಬಾಡಿಗೆದಾರ. ಕೊನೆಗೊಂದು ದಿನ ಎಳ್ಳುಕಾಳಿನಷ್ಟು ಬೂದು ಜೀವವೊಂದು ನಿಜವಾಗಿಯೂ ಹೊರಬಂತು. ಸಂಭ್ರಮದಲ್ಲಿ ಮುಚ್ಚಳ ತೆಗೆದೆ. ಅದು ನೇರ ಅಡಿಗೆಮನೆಗೆ ಹಾರಿತು. "ಒಗ್ಗರಣೆಗೆ ಏನೋ ಬಿತ್ತು ನೋಡ್ರೀ," ಎಂದಳು ಸರೋಜ.

ಡಿಸೆಂಬರಿನ ಹೊತ್ತಿಗೆ ಕುಂಡಗಳಲ್ಲಿ ಬರೀ ಕಡ್ಡಿಗಳಿದ್ದವು. "ಏನಪ್ಪಾ ಇದು, ಇಷ್ಟೂ ಹುಳಾನೇ ತಿಂತಾ?" ಎಂದು ಆಂಟಿ ಕೇಳಿದರು. ಸರೋಜ ನನ್ನ ಮುಖ ನೋಡಿದಳು.

"ಹೂಂ ಆಂಟಿ, ಭಾರೀ ಹೊಟ್ಟೆಬಾಕ ಜಾತಿ," ಎಂದುಬಿಟ್ಟೆ.

ಪಾಪ, ಆ ಹುಳು ತನ್ನ ಇಡೀ ಆಯುಷ್ಯದಲ್ಲಿ ಒಂದು ಎಲೆಯನ್ನೂ ಪೂರ್ತಿ ತಿಂದು ಮುಗಿಸುವುದಿಲ್ಲ. ಸುಮ್ಮನೆ ಬಿಟ್ಟಿದ್ದರೆ ಗಿಡ ಚಿಗುರಿಕೊಳ್ಳುತ್ತಿತ್ತು. ಆದರೆ ಆಂಟಿ ನನ್ನ ಮಾತು ನಂಬಿ ಘಾಟು ಔಷಧಿ ತಂದು ಹೊಡೆದರು. ಆಗಷ್ಟೇ ಮೂಡಿದ್ದ ಎಳೆ ಚಿಗುರಿನ ಸುರುಳಿಗಳೆಲ್ಲ ಕಪ್ಪಾಗಿ ಉದುರಿದವು. ವಿಕ್ಟರನ ಕೋಟಿಗೆ ಶಿವಾಜಿನಗರದ ಮಾರ್ಕೆಟ್ಟಿನಿಂದ ತಂದ ಎಲೆ ಸಿಕ್ಕಿಸಿದರು. "ಅಮ್ಮನ ಗಿಡ ಹುಳ ತಿಂದ್ಬಿಡ್ತು," ಎಂದು ಆಂಟಿ ಬಂದವರಿಗೆಲ್ಲ ಹೇಳುತ್ತಿದ್ದರು. ನಾನು ಪಕ್ಕದಲ್ಲೇ ಕೇಕಿನ ತುಂಡು ಹಿಡಿದು ನಿಂತಿದ್ದೆ.

ಎರಡು ವರ್ಷದ ಮೇಲೆ ನಾವು ಹೊರಮಾವಿಗೆ ಮನೆ ಬದಲಿಸಿದೆವು. ಸಾಮಾನಿನ ಟೆಂಪೊ ಹೊರಡುವಾಗ ಆಂಟಿ ಒಂದು ಪುಟ್ಟ ಕುಂಡ ಹಿಡಿದು ಬಂದರು. ಬಚ್ಚಲಿನ ಹಿಂದೆ ಯಾರ ಕಣ್ಣಿಗೂ ಬೀಳದೆ ಉಳಿದಿದ್ದ ಒಂದೇ ಒಂದು ಗಿಡ. "ಇಲ್ಲಿದ್ರೆ ಆ ಹುಳ ಮತ್ತೆ ಬರುತ್ತೆ. ನಿನ್ ಹತ್ರಾನೇ ಸೇಫ್, ತಂಬಿ," ಎಂದು ನನ್ನ ಕೈಗಿತ್ತರು. ನಿಜ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ನನ್ನ ಬಾಯಿಂದ ಬಂದದ್ದು "ಥ್ಯಾಂಕ್ಸ್ ಆಂಟಿ" ಮಾತ್ರ.

ಆಂಟಿ ಈಗಿಲ್ಲ. ಹೇಳಲಿಲ್ಲವಲ್ಲ ಎಂಬ ಸಂಕಟ ಇನ್ನೂ ಹೋಗಿಲ್ಲ. ಗಿಡ ಮಾತ್ರ ಸರೋಜಳ ಕಾವಲಿನಲ್ಲಿ ಸೊಂಪಾಗಿ ಬೆಳೆದಿದೆ. ಬಂದವರು ಕೆಲವೊಮ್ಮೆ, "ಇದಕ್ಕೆ ಹುಳ ಬರಲ್ವಾ?" ಎಂದು ಕೇಳುತ್ತಾರೆ.

"ಒಂದಿದೆ," ಎನ್ನುತ್ತಾಳೆ ಸರೋಜ. "ಅಲ್ಲಿ ಪೇಪರ್ ಓದ್ತಾ ಕೂತಿದೆ ನೋಡಿ."

ನಾನು ಪೇಪರನ್ನು ಇನ್ನಷ್ಟು ಮೇಲಕ್ಕೆ ಹಿಡಿಯುತ್ತೇನೆ.