ಕಂಪನಿ ನೀರು

ಸರ್ಕಾರ ಕೊಡಬೇಕಾದ ನೀರನ್ನು ಕಂಪನಿ ಕೊಡಲು ಹೊರಟರೆ ಇಂಥವು ನಡೆಯುತ್ತಲೇ ಇರುತ್ತವೆ. ಶಿಗ್ಗಾಂವಿಯಿಂದ ಹಿರೇಕೆರೂರಿನವರೆಗೆ ಊರುಗಳಲ್ಲಿ ಶುದ್ಧ ನೀರಿನ ಯಂತ್ರ ಇಡುವ ಕಂಪನಿಯೊಂದರಲ್ಲಿ ನಾನು ಮೇಲ್ವಿಚಾರಕ. ತಪಾಸಣೆಗೆ ಬರುವ ಕಂಪನಿಯ ಸಾಹೇಬರಿಗೆ ಯಂತ್ರದ ಮುಂದೆ ಜನ ಕಾಣಬೇಕು. ಕಾಣದಿದ್ದರೆ ಯಂತ್ರ ವಾಪಸ್. ಈ ನಿಯಮವನ್ನು ಊರಿನವರಿಗೆ ಮುಂಚೆ ಹೇಳುವ ಹಾಗಿಲ್ಲ.

೧. ಬ್ಯಾಳಿ ನೀರು

ಶಿಗ್ಗಾಂವಿ ಕಡೆಯ ಒಂದು ಊರಲ್ಲಿ ಕೊಡಗಳ ಸಾಲು ಕಂಡು ನನಗೆ ಹಿಗ್ಗೋ ಹಿಗ್ಗು. ಸಾಲಿನಲ್ಲಿದ್ದ ಮುದುಕಿಯನ್ನು ಕೇಳಿದೆ, "ಹೆಂಗೈತಬೇ ನೀರು?"

"ಭಾಳ ಛಲೋ ಐತಪಾ. ಬ್ಯಾಳಿ ಒಂದ ಕುದಿಗೆ ಬೇಯತೈತಿ."

"ಕುಡ್ಯಾಕ?"

"ಅಯ್ಯ, ಈ ಸಪ್ಪನ್ನ ನೀರು ಯಾರ ಕುಡೀತಾರ? ಅದಕ್ಕ ಬಾವಿ ಐತಲ್ಲ!"

ಸಾಹೇಬರು ಬಂದಾಗಲೂ ಸಾಲು ಉದ್ದವಿತ್ತು, ಯಂತ್ರ ಉಳಿಯಿತು.

೨. ನಾಜೂಕಿನ ಎಲೆ

ಸವಣೂರಿನಲ್ಲಿ ವೀಳ್ಯದೆಲೆ ವ್ಯಾಪಾರಿಯೊಬ್ಬರು ದಿನಾ ದೊಡ್ಡ ಕ್ಯಾನ್ ತುಂಬಿಸಿ ಒಯ್ಯುತ್ತಿದ್ದರು. ಅಂಗಡಿಗೆ ಹೋಗಿ ನೋಡಿದರೆ, ಅಷ್ಟನ್ನೂ ಎಲೆಯ ಪೆಂಡಿಗಳ ಮೇಲೆ ಚಿಮುಕಿಸುತ್ತಿದ್ದಾರೆ! ತಾವು ಕುಡಿಯುವುದು ನಳದ ನೀರು.

"ನೀವೂ ಇದನ್ನ ಕುಡೀರಿ, ಚಾಚಾ" ಅಂದೆ.

"ನನಗ ಯಾವುದಾದ್ರೂ ನಡೀತೈತಿ ಸಾಹೇಬ್ರ. ಎಲಿ ಹಂಗಲ್ಲ, ಭಾಳ ನಾಜೂಕು."

೩. ಸಾಹೇಬರ ಸತ್ಕಾರ

ಮಾಸೂರಿನಾಚೆಯ ಒಂದು ಊರು ಮಾತ್ರ ನಮ್ಮ ನೀರನ್ನು ನಿಜವಾಗಿ ಕುಡಿಯುತ್ತಿತ್ತು. ಅಲ್ಲಿ ಬೋರಿನ ನೀರಿಗೆ ಮಕ್ಕಳ ಹಲ್ಲು ಹಳದಿಗಟ್ಟಿದ್ದವು. ದಿನಾ ಮುಂಜಾನೆ ಯಂತ್ರದ ಮುಂದೆ ಕೊಡಗಳ ಜಗಳ. "ಸಾಹೇಬ್ರು ಬರ್ತಾರ, ದಿನದಂಗ ಇರ್ರಿ" ಎಂದು ಮಹಿಳಾ ಸಂಘದ ಅಕ್ಕನಿಗೆ ಹೇಳಿದ್ದೆ. ಆದರೆ ಬೀಗರು ಬಂದಾಗ ದಿನದಂತೆ ಇರುವ ಊರು ನಮ್ಮ ಕಡೆ ಎಲ್ಲಿದೆ?

ಸಾಹೇಬರ ಜೊತೆ ಹೋಗಿ ನೋಡುತ್ತೇನೆ: ಅಂಗಳಕ್ಕೆ ರಂಗೋಲಿ, ಯಂತ್ರಕ್ಕೆ ಮಾಲೆ, ನಳಕ್ಕೆ ಕುಂಕುಮ. ಒಂದು ಕೊಡವಿಲ್ಲ, ಒಬ್ಬ ಮನುಷ್ಯನಿಲ್ಲ. ಸಾಹೇಬರಿಗೆ ಗದ್ದಲ ಆಗಬಾರದೆಂದು ಊರಿಗೆ ಊರೇ ಬೆಳಗಾಗುವ ಮೊದಲೇ ನೀರು ತುಂಬಿಕೊಂಡು ಮನೆ ಸೇರಿತ್ತು!

"ಹೊಸದರ ಹಾಗೇ ಇದೆ. ಯಾರೂ ಬಳಸುತ್ತಿಲ್ಲ" ಅಂದರು ಸಾಹೇಬರು. ನಾನು ಕೈಮುಗಿದು ನಿಜ ಹೇಳಿದೆ. "ನಾನು ಕಂಡದ್ದನ್ನೇ ಬರೆಯುವವನು" ಎಂದು, ಅಕ್ಕ ಮನೆಯಿಂದ ತಂದುಕೊಟ್ಟ ಉಪ್ಪಿಟ್ಟು ತಿಂದು ಕಾರು ಹತ್ತಿದರು.

ಯಂತ್ರ ಕೀಳಲು ನಾನೇ ಹೋಗಬೇಕಾಯಿತು. ಆ ಸಂಕಟ ಇವತ್ತಿಗೂ ಹೋಗಿಲ್ಲ. ಅಕ್ಕ ಲಾರಿಯ ಹತ್ತಿರ ಬಂದು ಮೆಲ್ಲಗೆ ಕೇಳಿದರು:

"ನಮ್ಮ ಕಡಿಂದ ಏನ ಕಡಿಮಿ ಆತ್ರಿ? ಮತ್ತೊಮ್ಮೆ ಕರ್ಕೊಂಡ ಬರ್ರಿ. ಈ ಸಲ ಯಂತ್ರದ ಹತ್ರ ನಾಯೀನೂ ಸುಳ್ಯಾಕ ಬಿಡಂಗಿಲ್ಲ."