ಬೋಳು ತಲೆಯ ಹಾಜರಿ

ಆಂಜಿಯ ಕೂದಲನ್ನು ತಿಮ್ಮಪ್ಪನಿಗೆ ಒಪ್ಪಿಸಿದ್ದು ಆಂಜಿಯಲ್ಲ, ಅವನ ತಾಯಿ ದೊಡ್ಡಗಂಗಮ್ಮ. ನರಸಾಪುರದ ಹತ್ತಿರ ಕಾರಿನ ಸೀಟು ಹೊಲಿಯುವ ಕಾರ್ಖಾನೆಯಲ್ಲಿ ಮಗನ ಕೆಲಸ ಪರ್ಮನೆಂಟ್ ಆದರೆ ಮುಡಿ ಕೊಡಿಸುತ್ತೇನೆಂದು ಆಕೆ ಯಾವತ್ತೋ ಹರಕೆ ಹೊತ್ತಿದ್ದಳು. ಮಗನನ್ನು ಒಂದು ಮಾತು ಕೇಳಿರಲಿಲ್ಲ. ಕೇಳುವುದೇನು, ಮಗನೂ ಅವಳದೇ, ಕೂದಲೂ ಅವಳದೇ. ಸೋಮವಾರ ಪರ್ಮನೆಂಟ್ ಆರ್ಡರ್ ಕೊಡುತ್ತಾರೆಂದು ಆಂಜಿ ಶನಿವಾರವೇ ಬಾಯಿಬಿಟ್ಟದ್ದು ತಪ್ಪಾಯಿತು. ಆರ್ಡರ್ ಕೈಗೆ ಬರಲಿ, ಆಮೇಲೆ ಹೋಗೋಣ ಎಂದು ಅವನು ಎಷ್ಟು ಗೋಗರೆದರೂ, "ದೇವರ ಹತ್ರ ಬಾಕಿ ಇಟ್ಕೋಬಾರ್ದು ನಾಯ್ನಾ" ಎಂದು ಭಾನುವಾರವೇ ಬೆಟ್ಟ ಹತ್ತಿಸಿದಳು. ಕಿವಿಯವರೆಗಿನ ಗಡ್ಡ, ಮೀಸೆ, ಹಣೆ ಮುಚ್ಚುವ ಕ್ರಾಪು, ಎಲ್ಲ ಹೋಯಿತು.

ಮರುದಿನ ಬೆಳಿಗ್ಗೆ ಕಂಪನಿ ಬಸ್ಸಿಳಿದು, ತಲೆಗೆ ಗಂಧ ಮೆತ್ತಿಕೊಂಡೇ ಆಂಜಿ ಗೇಟಿನಲ್ಲಿ ಮುಖ ನೋಡಿ ಹಾಜರಿ ಹಾಕುವ ಯಂತ್ರದ ಮುಂದೆ ನಿಂತ. ಇದು ಅಂತಿಂಥ ಯಂತ್ರವಲ್ಲ, ಎಐ, ಕತ್ತಲಲ್ಲಿ ನಿಂತರೂ ಮಾಸ್ಕ್ ಹಾಕಿದರೂ ಗುರುತು ಹಿಡಿಯುತ್ತದೆ ಎಂದು ಅದನ್ನು ಕೂರಿಸಿದವರು ಜಂಬ ಕೊಚ್ಚಿ ಹೋಗಿದ್ದರು. ಕೆಂಪು ದೀಪ ಹತ್ತಿತು. "ವ್ಯಕ್ತಿ ಅಪರಿಚಿತ" ಎಂದಿತು ಒಂದು ಹೆಣ್ಣುದನಿ, ಬಹಳ ಮರ್ಯಾದೆಯಿಂದ.

ಗೇಟಿನ ಸೆಕ್ಯೂರಿಟಿ ಶ್ರೀನಿವಾಸಪ್ಪ ಆಂಜಿಯ ಪಕ್ಕದ ಮನೆಯವನೇ. ಹಿಂದಿನ ರಾತ್ರಿ ಪ್ರಸಾದದ ಲಾಡು ತಿಂದು ಹೋಗಿದ್ದ.

"ಮಾವ, ಒಳಗೆ ಬಿಡು. ಹನ್ನೊಂದಕ್ಕೆ ಆರ್ಡರ್ ಕೊಡ್ತಾರೆ. ಹಾಜರಿ ಇಲ್ದಿದ್ರೆ ನನ್ ಕತೆ ಮುಗೀತು."

"ನಂಗೆ ನೀನ್ಯಾರು ಅಂತ ಗೊತ್ತು ಕಣೋ ಆಂಜಿ. ಅದಕ್ಕೆ ಗೊತ್ತಾಗ್ಬೇಕಲ್ಲ."

ಆಂಜಿ ಐಡಿ ಕಾರ್ಡ್ ತೋರಿಸಿದ. ಶ್ರೀನಿವಾಸಪ್ಪ ಅದರಲ್ಲಿದ್ದ ಗಡ್ಡದ ಫೋಟೋವನ್ನೂ ಎದುರಿಗಿದ್ದ ಬೋಳು ಮುಖವನ್ನೂ ಹೋಲಿಸಿ ನೋಡಿ, ಯಂತ್ರದ್ದೇನೂ ತಪ್ಪಿಲ್ಲ ಬಿಡು ಎಂದುಬಿಟ್ಟ.

ಅಷ್ಟರಲ್ಲಿ ಶಿಫ್ಟಿನವರೆಲ್ಲ ಸುತ್ತ ನೆರೆದರು. ಸಲಹೆಗೇನು ಬರ. ಒಬ್ಬ ನಗು ಎಂದ, ಇನ್ನೊಬ್ಬ ಉಸಿರು ಬಿಗಿ ಹಿಡಿ ಎಂದ. ಯಂತ್ರಕ್ಕೆ ಫೋಟೋ ತೆಗೆದ ದಿನ ಆಂಜಿ ಸಿಡುಕುತ್ತಿದ್ದ, ಈಗಲೂ ಸಿಟ್ಟು ಬರಿಸಿದರೆ ಗುರುತು ಹತ್ತುತ್ತದೆ ಎಂದು ಯಾರೋ ನೆನಪು ಮಾಡಿಕೊಟ್ಟರು. ಸರಿ, ಎಲ್ಲರೂ ಸೇರಿ ಬಾಯಿಗೆ ಬಂದಂತೆ ಬೈದರು. ಕೆಲವರು ಎಷ್ಟೋ ದಿನದಿಂದ ಕಾದಿದ್ದವರ ಹಾಗೆ ಮನಸಾರೆ ಬೈದರು. ಆಂಜಿಗೆ ನಿಜವಾಗಿಯೂ ಸಿಟ್ಟು ಬಂತು. ಯಂತ್ರ ಮಾತ್ರ ತಣ್ಣಗೆ, "ವ್ಯಕ್ತಿ ಅಪರಿಚಿತ" ಎಂದಿತು.

ಹೊಲಿಗೆ ವಿಭಾಗದ ಗಂಗಾಲಕ್ಷ್ಮಿ ಸುಮ್ಮನಿರುವವಳಲ್ಲ. ಬಸ್ಸಿನಲ್ಲಿ ಸೀರೆ ಸೆರಗಿಗೆ ಕುಚ್ಚು ಕಟ್ಟಲು ತಂದಿದ್ದ ಕಪ್ಪು ದಾರವನ್ನು ಪುಡಿಪುಡಿ ಕತ್ತರಿಸಿ, ಗೋಂದು ಹಚ್ಚಿ, ಆಂಜಿಗೆ ಗಡ್ಡ ಮೀಸೆ ಅಂಟಿಸಿದಳು. ತಲೆಗೆ ಯಾರದೋ ಕಪ್ಪು ಕರ್ಚೀಫು. ನಾಟಕದಲ್ಲಿ ಪಾತ್ರ ಮುಗಿದರೂ ಬಣ್ಣ ತೊಳೆಯದ ಕಳ್ಳನ ಹಾಗೆ ಕಾಣುತ್ತಿದ್ದ ಅವನು ಯಂತ್ರದ ಮುಂದೆ ಮುಖ ಇಟ್ಟ. ಹಸಿರು ದೀಪ.

"ಸ್ವಾಗತ, ಅರುಣ್‌ಕುಮಾರ್."

ಚಪ್ಪಾಳೆ ಅರ್ಧಕ್ಕೇ ನಿಂತಿತು. ಪ್ಯಾಕಿಂಗಿನ ಅರುಣ್‌ಕುಮಾರ್ ತಂಗಿಯ ನಿಶ್ಚಿತಾರ್ಥಕ್ಕೆಂದು ಮಾಲೂರಿನಲ್ಲಿದ್ದ. ಹಾಜರಿಯ ಮೆಸೇಜ್ ನೋಡಿ ಅಲ್ಲಿಂದಲೇ ಫೋನ್ ಮಾಡಿ, ಯಾವ ಪುಣ್ಯಾತ್ಮನೋ, ನಾಳೆಗೂ ಹಾಕಿಬಿಡಿ ಎಂದು ಕೇಳಿಕೊಂಡ.

"ಅರುಣ್‌ಕುಮಾರ್ ಒಳಗೆ ಹೋಗ್ಬಹುದು, ಆಂಜಿ ಇಲ್ಲೇ ನಿಂತ್ಕೊಬೇಕು" ಎಂದ ಶ್ರೀನಿವಾಸಪ್ಪ.

ಆಂಜಿಗೆ ಅಳುವೇ ಬಂತು. ಇಷ್ಟು ವರ್ಷ ಟೆಂಪರರಿ ಎನಿಸಿಕೊಂಡು ದುಡಿದದ್ದೆಲ್ಲ ಈ ಡಬ್ಬಿಯ ಮುಂದೆ ನೀರುಪಾಲಾಗಬೇಕೆ ಎಂದು ಹಲುಬಿದ. ಹನ್ನೊಂದಕ್ಕೆ ಇನ್ನೇನು ಸ್ವಲ್ಪವೇ ಉಳಿದಿತ್ತು. ಆಗ ಆಫೀಸಿನಿಂದ ಎಚ್ಆರ್ ಮೇಡಂ ಮೇಘನ ಓಡಿಬಂದಳು. ಕೈಯಲ್ಲಿದ್ದ ಟ್ಯಾಬ್‌ನಲ್ಲಿ ಎಐಯನ್ನೇ ಉಪಾಯ ಕೇಳಿದಳು. ಮುಖವನ್ನು ಹೊಸದಾಗಿ ನೋಂದಾಯಿಸಿ ಎಂದು ಅದು ತಕ್ಷಣ ಹೇಳಿತು. ಇಷ್ಟು ಸುಲಭವೆ ಎಂದು ಎಲ್ಲರೂ ಹಣೆ ಚಚ್ಚಿಕೊಂಡರು. ಆಂಜಿ ಚರ್ಮ ಕಿತ್ತು ಬರುವಂತೆ ಗಡ್ಡ ಎಳೆದು ಹಾಕಿ ಫೋಟೋಗೆ ನಿಂತ. ಹಸಿರು ದೀಪ, ಸ್ವಾಗತ, ಬಾಗಿಲು ತೆರೆಯಿತು. ಒಂದೇ ಓಟಕ್ಕೆ ಹಾಲ್ ಸೇರಿಕೊಂಡ.

ಹೊಸದಾಗಿ ಬಂದಿದ್ದ ಮ್ಯಾನೇಜರ್ ಭಾರ್ಗವ್ ಒಬ್ಬೊಬ್ಬರ ಹೆಸರು ಕೂಗಿ ಆರ್ಡರ್ ಕೊಡುತ್ತಿದ್ದರು. ತನ್ನ ಹೆಸರು ಬಂದದ್ದೇ ಆಂಜಿ ಮುಂದೆ ನುಗ್ಗಿದ. ಭಾರ್ಗವ್ ಕಂಪ್ಯೂಟರ್ ನೋಡಿದರು, ಇವನನ್ನು ನೋಡಿದರು.

"ಆಂಜಿ ಇವತ್ತು ಬಂದೇ ಇಲ್ವಲ್ರೀ. ನೀವ್ಯಾರು?"

ಮೇಘನ ಬಗ್ಗಿ ನೋಡಿದಳು. ಅವಳ ಮುಖ ಸಪ್ಪಗಾಯಿತು.

"ಆಂಜಿ, ಅದು ನಿಮ್ಮನ್ನ ಹೊಸಬ್ರು ಅಂತ ಸೇರಿಸ್ಕೊಂಡ್ಬಿಟ್ಟಿದೆ. ಇವತ್ತಿಂದ ನೀವು ಟ್ರೈನಿ."

ಸರಿಪಡಿಸಲು ಹೆಡ್ ಆಫೀಸಿಗೆ ಬರೆಯುತ್ತೇನೆಂದಳು. ಅಲ್ಲಿ ಉತ್ತರ ಕೊಡುವುದೂ ಎಐಯೇ ಎಂದು ಅವಳೇ ಒಪ್ಪಿಕೊಂಡಳು. ಅಲ್ಲಿಯವರೆಗೆ ಅದು ಹೇಳಿದಂತೆ ಕೇಳಿ, ತರಬೇತಿ ಮುಗಿಸದ ಹೊಸಬರನ್ನು ಹೊಲಿಗೆ ಮಿಷನ್ನಿನ ಹತ್ತಿರಕ್ಕೂ ಬಿಡುವುದಿಲ್ಲ ಎಂದು ಅವನನ್ನು ತರಬೇತಿ ಕೋಣೆಗೆ ಕಳಿಸಿದಳು.

ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಆಂಜಿ ಬೆಂಚಿನ ಮೇಲೆ ಕೂತು ಗೋಡೆಯ ಪರದೆ ನೋಡಿದ. ಇಂದಿನ ತರಬೇತುದಾರರು: ಆಂಜಿ. ಹೌದು, ಹೊಸಬರಿಗೆ ಸೀಟು ಹೊಲಿಯಲು ಕಲಿಸುವವನು ಈ ಕಾರ್ಖಾನೆಯಲ್ಲಿ ಅವನೊಬ್ಬನೇ. ಕೆಳಗೆ ಕೆಂಪಕ್ಷರದಲ್ಲಿತ್ತು: ತರಬೇತುದಾರರು ಗೈರುಹಾಜರಾಗಿದ್ದಾರೆ, ದಯವಿಟ್ಟು ಕಾಯಿರಿ.

ಜೇಬಿನಲ್ಲಿ ಫೋನ್ ಗುಂಯ್‌ಗುಟ್ಟಿತು. ಹೊಸ ನೌಕರರೊಬ್ಬರು ನಿಮಗಾಗಿ ಕಾಯುತ್ತಿದ್ದಾರೆ, ಗೈರಿಗೆ ಕಾರಣ ತಿಳಿಸದಿದ್ದರೆ ಶಿಸ್ತುಕ್ರಮ ಕೈಗೊಳ್ಳಲಾಗುವುದು ಎಂದಿತ್ತು.

ಹಾಳಾಗಿ ಹೋಗಲಿ, ನನಗೆ ನಾನೇ ಪಾಠ ಹೇಳಿಕೊಂಡರಾಯಿತು ಎಂದು ಆಂಜಿ ಎದ್ದು, ಮುಂದೆ ಹೋಗಿ ಮೇಷ್ಟರ ಜಾಗದಲ್ಲಿ ನಿಂತ. ಮೂಲೆಯ ಕ್ಯಾಮೆರಾ ಅವನ ಕಡೆ ತಿರುಗಿತು.

"ಟ್ರೈನಿ, ದಯವಿಟ್ಟು ನಿಮ್ಮ ಜಾಗದಲ್ಲಿ ಕುಳಿತುಕೊಳ್ಳಿ."

ಆಂಜಿ ವಾಪಸು ಹೋಗಿ ಬೆಂಚಿನ ಮೇಲೆ ಕೂತ, ಆಂಜಿಗಾಗಿ ಕಾಯುತ್ತ.