ದಯವಿಟ್ಟು ನೀರು ಹಾಕಬೇಡಿ

ಗಿಡಕ್ಕೆ ನೀರು ಹಾಕಿದವರನ್ನು ಬೈದು ಓಡಿಸುವ ಕೆಲಸ ಯಾರಿಗೂ ಬರಬಾರದು. ಹೂ ಕಿತ್ತವರನ್ನು ಬೈದರೆ ಜನ ಮೆಚ್ಚುತ್ತಾರೆ; ನೀರು ಹಾಕಿದವರನ್ನು ಬೈದರೆ ಇವನು ಮನುಷ್ಯನೇ ಅಲ್ಲ ಎನ್ನುವಂತೆ ನೋಡುತ್ತಾರೆ. ಈ ಬೇಸಿಗೆಯಿಡೀ ಸುರಪುರದಲ್ಲಿ ಹಾಗೆ ನೋಡಿಸಿಕೊಂಡವನು ನಾನು. ಹಾಗಂತ ನಾನು ತೋಟಗಾರನೂ ಅಲ್ಲ, ಫೈಲಿಗೆ ದಾರ ಕಟ್ಟುವ ಗುಮಾಸ್ತ.

ನಮ್ಮ ಕಚೇರಿಯ ಮುಂದೆ ಹುಲ್ಲಿನ ಹಾಸಿತ್ತು. ಅದರ ಮೇಲೆ ಯಾರೂ ಕೂರುವಂತಿರಲಿಲ್ಲ. ದಿನಾ ಬೋರಿನ ನೀರು ಕುಡಿದು ಹಸಿರಾಗಿರುವುದಷ್ಟೇ ಅದರ ನೌಕರಿ. ನನ್ನ ನೌಕರಿಯೂ ಹೆಚ್ಚುಕಡಿಮೆ ಅಂಥದ್ದೇ ಎನ್ನುವುದು ಹೆಂಡತಿ ಮಹಾದೇವಿಯ ಅಭಿಪ್ರಾಯ. ಕಚೇರಿಯ ಹಿಂದಿನ ಓಣಿಯಲ್ಲೇ ನಮ್ಮ ಮನೆ. ಅಲ್ಲಿನ ನಳಕ್ಕೆ ನೀರು ಬರುವುದು ಅದರ ಮರ್ಜಿ. ಒಂದು ದಿನ ಖಾಲಿ ಕೊಡ ಹೊತ್ತು ನಿಂತು, ಹುಲ್ಲಿಗೆ ನೀರು ಚಿಮ್ಮುವುದನ್ನು ನೋಡುತ್ತಾ ಅವಳು, "ಮುಂದಿನ ಜನ್ಮದಾಗ ನಿಮ್ಮ ಆಫೀಸಿನ ಹುಲ್ಲಾಗಿ ಹುಟ್ತೀನ್ರಿ, ನೀರಿನ ಚಿಂತಿ ಇರಂಗಿಲ್ಲ" ಅಂದಳು. ಆ ಮಾತು ನಾಟಿತು.

ಮುಂದಿನ ಮೀಟಿಂಗಿನಲ್ಲಿ, ಎಂದೂ ಬಾಯಿ ತೆರೆಯದ ನಾನು ತೆರೆದೆ. ಹುಲ್ಲು ಕಿತ್ತು ಗರಸು ಕಲ್ಲು ಹಾಸೋಣ. ಕಳ್ಳಿ, ಲೋಳಸರ, ತಂಗಡಿ, ಕಣಗಿಲೆ ಹಚ್ಚೋಣ. ನೀರಿಲ್ಲದೆಯೂ ತೋಟ ಮಾಡಬಹುದೆಂದು ಜನರಿಗೆ ತೋರಿಸೋಣ. ಉಳಿದ ನೀರನ್ನು ಪೈಪು ಎಳೆದು ಹಿಂದಿನ ಓಣಿಗೆ ಕೊಡೋಣ ಎಂದೆ. ಯಾದಗಿರಿಯಿಂದ ಬಂದಿದ್ದ ದೊಡ್ಡ ಸಾಹೇಬರು ಒಪ್ಪಿದರು, ಆದರೆ ಒಂದು ಷರತ್ತು. ಬೇರು ಹಿಡಿದ ಮೇಲೆ ಬೇಸಿಗೆಯಲ್ಲಿ ಹನಿ ನೀರು ಹಾಕಕೂಡದು. ಬೇಸಿಗೆಯ ಕೊನೆಗೆ ತಾವೇ ಬಂದು ನೋಡುತ್ತಾರೆ. ತೋಟ ಬದುಕಿದ್ದರೆ ಪೈಪು ಕಾಯಂ. ಸತ್ತಿದ್ದರೆ ಅಥವಾ ಕದ್ದು ನೀರು ಹಾಕಿದ್ದರೆ ಮತ್ತೆ ಹುಲ್ಲು. ಓಣಿಗೆ ನೀರು ಬಂತು. ತೋಟದಲ್ಲಿ 'ದಯವಿಟ್ಟು ನೀರು ಹಾಕಬೇಡಿ' ಎಂಬ ಬೋರ್ಡೂ ಬಂತು.

ಬೋರ್ಡು ಓದಿಯೇ ಜನ ನೀರು ಹಾಕತೊಡಗಿದರು. ಕುಡಿದು ಉಳಿದ ನೀರನ್ನು ನೆಲಕ್ಕೆ ಚೆಲ್ಲದೆ ಗಿಡದ ಬುಡಕ್ಕೆ ಹಾಕುವುದು ನಮ್ಮವರ ಪದ್ಧತಿ. ಬೋನಾಳದಿಂದ ಅರ್ಜಿ ಹಿಡಿದು ಬಂದವರೂ ಬಾಟಲಿಯ ತಳದ ನೀರನ್ನು ಲೋಳಸರಕ್ಕೆ ಹಾಕಿ, ಪುಣ್ಯ ಕಟ್ಟಿಕೊಂಡು ಒಳಗೆ ಬರುತ್ತಿದ್ದರು. ಉಪಚಾರದಲ್ಲಿ ನಮ್ಮವರಿಗೆ 'ಸಾಕು' ಎಂಬ ಮಾತು ಕೇಳಿಸುವುದೇ ಇಲ್ಲ. ಹೊಸ ಅಳಿಯನಾಗಿ ಶಹಾಪುರದ ಮಾವನ ಮನೆಗೆ ಹೋದಾಗ, ಇನ್ನು ಬೇಡವೆಂದು ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದಿದ್ದೆ. ಅತ್ತೆ ಕೈಯ ಮೇಲೆಯೇ ಹೋಳಿಗೆ ಇಟ್ಟು ತುಪ್ಪ ಸುರಿದರು. ಲೋಳಸರಕ್ಕೆ ಅಡ್ಡ ಹಿಡಿಯಲು ಕೈಗಳೂ ಇಲ್ಲ. ನೀರು ಮಿತಿಮೀರಿ ಅದರ ಎರಡು ಎಲೆ ಹೆಚ್ಚು ಬೆಂದ ಬದನೆಕಾಯಿಯಂತೆ ಮೆತ್ತಗಾದಾಗ ನನಗೆ ನಿಜಕ್ಕೂ ಭಯವಾಯಿತು. ಕುರ್ಚಿಯನ್ನು ಕಿಟಕಿಗೆ ಎಳೆದುಕೊಂಡು ಕಾವಲು ಕೂತೆ.

ಸಾಹೇಬರು ಬರುವ ದಿನ ಬೆಳಗ್ಗೆ ಗೇಟಿನ ಹತ್ತಿರ ಹೋದರೆ, ಇಡೀ ಓಣಿಯೇ ತುಂಬಿದ ಕೊಡ ಹೊತ್ತು ನಿಂತಿತ್ತು. ಮುಂದೆ ಓಣಿಯ ಹಿರಿಯಳು ನಿಂಗಮ್ಮಾಯಿ, ಪಕ್ಕದಲ್ಲಿ ನನ್ನ ಮಹಾದೇವಿ. ತಂಗಡಿ ಎಲೆ ಉದುರಿಸಿ ಕಡ್ಡಿಯಾಗಿತ್ತು. ಬಿಸಿಲಿಗೆ ಅದು ಮಾಡುವ ಉಪಾಯವೇ ಅದು. ಓಣಿಯವರ ಕಣ್ಣಿಗೆ ಅದು ಸತ್ತ ಗಿಡ.

"ಒಣಗಿದ್ದು ನೋಡಿ ಪೈಪ್ ಕಿತ್ತಗೊಂಡು ಹೋಗ್ತಾರ. ಅತ್ತಾಗ ಸರೀರಿ," ಅಂದಳು ಮಹಾದೇವಿ.

ನಾನು ಗೇಟಿಗೆ ಎರಡೂ ಕೈ ಅಡ್ಡ ಹಿಡಿದೆ. "ಮಣ್ಣು ಹಸಿ ಆತಂದ್ರ ಇವತ್ತೇ ನಳ ಹೋತು. ಆ ಮ್ಯಾಲ ನನ್ನ ಬೈಬ್ಯಾಡ್ರಿ."

ಅಷ್ಟರಲ್ಲಿ ಜೀಪು ಬಂತು. ಕೊಡಗಳು ಅಲ್ಲಲ್ಲೇ ಕೆಳಗಿಳಿದವು. ಸಾಹೇಬರು ಒಳಗೆ ಹೋಗಿ, ಕಣಗಿಲೆ ಹೂ ನೋಡಿ, ಲೋಳಸರದ ಮೆತ್ತಗಿನ ಎಲೆ ಒತ್ತಿ ಹುಬ್ಬು ಗಂಟಿಕ್ಕಿದರು. ಆಮೇಲೆ ಬಗ್ಗಿ ಗರಸು ಸರಿಸಿ, ಮಣ್ಣಿನಲ್ಲಿ ಬೆರಳು ಊರಿದರು. ಗೇಟಿನಾಚೆ ಇಡೀ ಓಣಿ ಕತ್ತು ಚಾಚಿತು. ಬೆರಳಿಗೆ ಒಣ ಧೂಳಷ್ಟೇ ಅಂಟಿ ಬಂತು. ತಂಗಡಿಯ ಕಡ್ಡಿಯನ್ನು ಉಗುರಿನಿಂದ ಗೀರಿದರು, ಒಳಗೆ ಹಸಿರಿತ್ತು.

"ಪೈಪ್ ಇರ್ಲಿ ಬಿಡ್ರಿ. ಓಣಿಗೇ ಕಾಯಂ," ಅಂದರು.

ನಿಂಗಮ್ಮಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು, ಬಿಸಿಲಲ್ಲಿ ಬಂದವರು ಬರಿಬಾಯಲ್ಲಿ ಹೋಗಬಾರದೆಂದು ಒಂದು ಚೊಂಬು ನೀರು ಕೊಟ್ಟಳು. ಸಾಹೇಬರು ಅರ್ಧ ಕುಡಿದರು. ಉಳಿದರ್ಧ ಹಿಡಿದು ಅತ್ತಿತ್ತ ನೋಡಿದರು. ನಮ್ಮವರೇ ತಾನೇ? ಬಗ್ಗಿ ತಂಗಡಿಯ ಬುಡಕ್ಕೆ ಸುರಿದು, "ಪಾಪ, ಎಂಥಾ ಬ್ಯಾಸಗಿ" ಅಂದರು.

ಓಣಿ ಅಪ್ಪಣೆಗೆ ಕಾದಂತಿತ್ತು. ಕೊಡಗಳು ಗೇಟು ದಾಟಿ ಬಂದವು. ಸಾಹೇಬರು ಖಾಲಿ ಚೊಂಬನ್ನು ನನ್ನತ್ತ ಚಾಚಿ, ಮೂಲೆಯ ಕಳ್ಳಿಗೆ ಯಾರೂ ಹಾಕಿಲ್ಲವೆಂದು ತೋರಿಸಿದರು. ಇಡೀ ಬೇಸಿಗೆ ಜನರಿಗೆ ಬುದ್ಧಿ ಹೇಳಿದ ನಾನು ಹೊಸ ನಳಕ್ಕೆ ಓಡಿ, ಕಂಠಮಟ್ಟ ತುಂಬಿಸಿಕೊಂಡು ಬಂದು, ಆ ಬೋರ್ಡು ಯಾರಿಗೂ ಕಾಣದ ಹಾಗೆ ಅಡ್ಡ ನಿಂತು ಹಾಕಿದೆ.